ಭಾವ ಬಿಟ್ಟ ಜಾಗ

ನಮ್ಮ ಭಾವನಷ್ಟು ನಂಬಿಕಸ್ಥ ಗಾಯಕ ಇಡೀ ಚಾಮರಾಜನಗರ ಜಿಲ್ಲೆಯಲ್ಲಿಲ್ಲ. ಎಲ್ಲಿ ಸ್ವರ ತಪ್ಪುತ್ತದೆಂದು ಮೊದಲೇ ಹೇಳಿಬಿಡಬಹುದು, ಅಲ್ಲೇ ತಪ್ಪುತ್ತದೆ.

ಹರವೆಯಲ್ಲಿ ಅರಿಶಿನ ಬೆಳೆಯುವ ಭಾವನಿಗೂ ಸಂಗೀತಕ್ಕೂ ಇದ್ದ ನಂಟು ಶ್ರುತಿಪೆಟ್ಟಿಗೆಯೊಂದೇ. ಪ್ರತಿ ಹುಣ್ಣಿಮೆ ಮಠದಲ್ಲಿ ನಮ್ಮಕ್ಕ ವಚನ ಹಾಡುವಳು, ಇವರು ಪಕ್ಕದಲ್ಲಿ ಕೂತು ಪೆಟ್ಟಿಗೆಯ ತಿತ್ತಿ ಒತ್ತುವರು. ನಲವತ್ತು ವರ್ಷದ ಡ್ಯೂಟಿ. ಹೋದ ವರ್ಷ ಅಕ್ಕನಿಗೆ ಗಂಟಲಿನ ಆಪರೇಷನ್ ಆಗಿ ದನಿ ಒಡೆಯಿತು. ಮಾತಾಡಬಹುದು ಎಂದರು ಡಾಕ್ಟರು. ಅಕ್ಕ ಸ್ಲೇಟು ಕೊಂಡಳು. ಮಠಕ್ಕೆ ಹೋಗುವುದನ್ನೂ ಬಿಟ್ಟಳು.

ಅವಳನ್ನು ಮತ್ತೆ ಮಠದ ಮೆಟ್ಟಿಲು ಹತ್ತಿಸಿ ಬಾಯಿ ಬಿಡಿಸಬೇಕೆಂದು ಭಾವ ಒಂದು ಉಪಾಯ ಮಾಡಿದರು. ಈ ಹುಣ್ಣಿಮೆಗೆ ತಾನೇ ಹಾಡುತ್ತೇನೆಂದರು. ಒಬ್ಬರೇ, ಸೋಲೋ! ರಿಹರ್ಸಲ್ ಕೇಳಲು ಗುಂಡ್ಲುಪೇಟೆಯಿಂದ ನನ್ನನ್ನು ಕರೆಸಿದರು. ಕಾನ್ವೆಂಟಿನಲ್ಲಿ ಮ್ಯೂಸಿಕ್ ಸಿಸ್ಟರ್ ಸ್ಕೇಲಿನಲ್ಲಿ ಹೊಡೆದು ತಾಳ ಕಲಿಸಿದ್ದರಲ್ಲ, ಅದೇ ನನ್ನ ಕ್ವಾಲಿಫಿಕೇಷನ್. ಅವರೀಗ ಇಲ್ಲ. ಬೆರಳುಗಳಿಗೆ ನೆನಪಿದೆ.

ಮೊದಲ ರಿಹರ್ಸಲ್ ಅರಿಶಿನದ ಮೂಟೆಗಳ ಎದುರು. "ಒಂದಾದ್ರೂ ಎದ್ದು ಓಯ್ತಾ, ನೋಡು" ಎಂದರು ಭಾವ. ಒಪ್ಪಲೇಬೇಕಾಯಿತು.

ಎರಡನೆಯದು ಕೊಟ್ಟಿಗೆಯಲ್ಲಿ. ಪಕ್ಕದ ಮನೆಯವನು ಗೋಡೆಯಾಚೆಯಿಂದ ಇಣುಕಿದ.

"ಅಣ್ಣೋ, ಯಾವ ಎಮ್ಮೆ ಈಯ್ತಾ ಇರದು?"

"ಎಮ್ಮೆ ಅಲ್ಲ ಕಣ್ಲಾ, ವಚನ."

"ಅಂಗಾ? ಸುಸೂತ್ರವಾಗಿ ಆಗ್ಲಿ ಬುಡಣ್ಣ."

ಒಳಗಿನಿಂದ ಅಕ್ಕ ಸ್ಲೇಟು ತಂದು ತೋರಿಸಿದಳು: "ತಂಗಿ, ಕಿಟಕಿ ಹಾಕು."

ಭಾವನಿಗೆ ಗುರು ಎಂದರೆ ಮೊಬೈಲು. ಅದರಲ್ಲಿ ಅಕ್ಕ ಹಿಂದೆಂದೋ ಹಾಡಿದ ರೆಕಾರ್ಡಿಂಗ್ ಇತ್ತು. ಅದನ್ನು ಚಾಚೂತಪ್ಪದೆ ಕಲಿತರು, ಎರಡನೇ ಸಾಲಿನ ಅಕ್ಕನ ಕೆಮ್ಮನ್ನೂ ಸೇರಿಸಿ. ಮೂರನೇ ಸಾಲು ಮುಗಿದ ಮೇಲಂತೂ ಪೂರ್ತಿ ಸುಮ್ಮನಾಗುತ್ತಿದ್ದರು.

"ಇಲ್ಯಾಕೆ ನಿಲ್ಲಿಸ್ತೀರಿ ಭಾವ? ಮರೀತಾ?"

"ಇಲ್ಲಿ ನಿಮ್ಮಕ್ಕ ನಂಗೆ ಬೈತಾಳೆ ಕಣಮ್ಮಿ. ಜಾಗ ಬುಡಬೇಕಲ್ಲ."

ರೆಕಾರ್ಡಿಂಗ್ ಹಾಕಿ ಕೇಳಿದೆ. ನಿಜ. ಹಾಡಿನ ನಡುವೆ ಅಕ್ಕನ ತುಂಬು ಕಂಠ: "ತಿತ್ತಿ ಒತ್ತಿ ಅಂದ್ರೆ. ನಿದ್ದೆ ಬಂತಾ?"

"ಬೈಗುಳ ಹಾಡಿನೊಳಗಿಲ್ಲ ಭಾವ, ಅದನ್ನು ಎಡಿಟ್ ಮಾಡಿ" ಎಂದೆ.

"ನಲವತ್ತು ವರ್ಷದಲ್ಲಿ ಅದಿಲ್ದೆ ಒಂದು ದಿನಾನೂ ಮುಂದ್ಕೋಗಿಲ್ಲ" ಎಂದರು.

ಹುಣ್ಣಿಮೆ ಬಂತು. "ನಾನು ಬರಲ್ಲ" ಎಂದು ಮೂರು ದಿನದಿಂದ ಬರೆಯುತ್ತಿದ್ದ ಅಕ್ಕ ಸಂಜೆ ರೇಷ್ಮೆ ಸೀರೆ ಉಟ್ಟು ಬಂದಳು. ಸ್ಲೇಟಿನಲ್ಲಿ, "ಮನೆ ಮರ್ಯಾದೆ ಕಾಯೋಕೆ ಒಬ್ಬರಾದರೂ ಬೇಡವೇ?"

ಚಾಪೆಯ ಮೇಲೆ ಭಾವ ತಮ್ಮ ಹಳೆಯ ಜಾಗದಲ್ಲೇ ಕೂತರು. ಮೈಕು ಪಕ್ಕದಲ್ಲಿ ಅಕ್ಕನ ಖಾಲಿ ಜಾಗದ ಮುಂದಿತ್ತು. ಅದರತ್ತ ಕತ್ತು ವಾಲಿಸಿಕೊಂಡೇ ಹಾಡಿದರು, ಕೆಮ್ಮಿದರು, ಮೂರನೇ ಸಾಲಿಗೆ ನಿಂತರು. ತಿತ್ತಿಯ ಮೇಲಿನ ಕೈಯೂ ನಿಂತಿತು.

ಹಿಂದಿನಿಂದ ಯಾರೋ, "ಪಾಪ, ಮರ್ತೋಯ್ತು" ಎಂದರು. ಭಾವ ಮುಂದೆ ಹಾಡಲಿಲ್ಲ, ಎದ್ದೂ ಹೋಗಲಿಲ್ಲ. ಅಕ್ಕನನ್ನೇ ನೋಡುತ್ತ ಕೂತರು.

ಅಕ್ಕ ಬಳಪ ಎತ್ತಿದಳು. ಬರೆದರೂ ಅಷ್ಟು ದೂರದಿಂದ ಯಾರು ಓದಿಯಾರು? ಸ್ಲೇಟನ್ನು ನನ್ನ ಮಡಿಲಿಗೆ ಹಾಕಿದಳು.

ಒಡೆದ, ಒರಟು ದನಿಯೊಂದು ಇಡೀ ಮಠಕ್ಕೆ ಕೇಳಿಸಿತು.

"ತಿತ್ತಿ ಒತ್ತಿ ಅಂದ್ರೆ. ನಿದ್ದೆ ಬಂತಾ?"

ಭಾವ ಒತ್ತಿದರು. ಮುಂದಿನ ಸಾಲಿನಲ್ಲಿ, ನಾನು ಎಣಿಸಿದ್ದ ಜಾಗದಲ್ಲೇ, ಸ್ವರ ತಪ್ಪಿತು. ಕಣ್ಣೊರೆಸಿಕೊಳ್ಳಲು ನನ್ನ ಕೈಗೆ ಸಿಕ್ಕಿದ್ದು ಸ್ಲೇಟು ಒರೆಸುವ ಬಟ್ಟೆ. ಪ್ರಸಾದಕ್ಕೆ ಕೂತಾಗಲೂ ಮುಖದ ತುಂಬ ಬಳಪದ ಪುಡಿ.