ಇಬ್ಬರು ಬೀಗರು, ಎರಡು ಕಂಪ್ಯೂಟರು, ಒಂದು ಕೇಬಲ್ಲು

ಬೇರೆಯವರಿಗೆ ಕರೆಂಟು ಮುಟ್ಟಿದರೆ ಶಾಕ್ ಹೊಡೆಯುತ್ತದೆ, ನನಗೆ ಮುಟ್ಟದೆಯೂ ಹೊಡೆಯುತ್ತಿತ್ತು. ತೊಂಬತ್ತರ ದಶಕದಲ್ಲಿ ಶಿಕಾರಿಪುರದ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೇಲೆ, ನನ್ನ ಎದೆ ಧಸಕ್ ಎನ್ನದ ವಾರವೇ ಇರಲಿಲ್ಲ.

ಪ್ರೆಸ್ಸಿಗೆ ಇಬ್ಬರು ಮಾಲೀಕರು, ಒಬ್ಬರು ಶಿಕಾರಿಪುರದವರು, ಇನ್ನೊಬ್ಬರು ಸೊರಬದವರು. ಶಿಕಾರಿಪುರದವರ ಮಗಳನ್ನು ಸೊರಬದವರ ಮಗನಿಗೆ ಕೊಟ್ಟಿತ್ತು. ಸಂಬಂಧ ಗಟ್ಟಿಯಾಗಲಿ ಎಂದು ಬೀಗರಿಬ್ಬರೂ ಕೂಡಿ ಪ್ರೆಸ್ ತೆರೆದು, ತಲೆಗೊಂದರಂತೆ ಕಂಪ್ಯೂಟರ್ ತಂದಿಟ್ಟಿದ್ದರು. ಸೊರಬದವರದರಲ್ಲಿ ಚೆಂದದ ಕನ್ನಡ ಅಕ್ಷರಗಳಿದ್ದವು, ಶಿಕಾರಿಪುರದವರದಕ್ಕೆ ಪ್ರಿಂಟರ್ ಇತ್ತು. ಎರಡನ್ನೂ ಒಂದು ಕೇಬಲ್ಲಿನಿಂದ ಜೋಡಿಸಿ, ಅವು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಂತೆ ಒಂದು ಡ್ರೈವರ್ ಪ್ರೋಗ್ರಾಂ ಬರೆಯುವುದು ನನ್ನ ಪಾಲಿಗೆ ಬಂತು.

"ಆಗದಿದ್ರೆ ಈಗಲೇ ಹೇಳಿಬಿಡವ್ವಾ. ಅವರವರ ಮಷೀನ್ ಅವರವರು ಎತ್ಕೊಂಡು ಹೋಗ್ತೀವಿ," ಎಂದರು ಶಿಕಾರಿಪುರದವರು. ಹಾಗೇನಾದರೂ ಆದರೆ ಪ್ರೆಸ್ಸೂ ಮುಚ್ಚುತ್ತಿತ್ತು, ನನ್ನ ಕೆಲಸವೂ ಹೋಗುತ್ತಿತ್ತು.

೧. ಗಂಡಿನ ಕಡೆಯ ಕಂಪ್ಯೂಟರ್

ಮೊದಲ ದಿನವೇ ಬಾಯಿ ತಪ್ಪಿ ಸತ್ಯ ಹೇಳಿಬಿಟ್ಟೆ. "ಎರಡು ಕಂಪ್ಯೂಟರ್ ಜೋಡಿಸಿದ್ರೆ ಒಂದು ಯಜಮಾನ ಆಗಬೇಕು, ಇನ್ನೊಂದು ಆಳು. ಯಜಮಾನ ಹೇಳಿದ್ದನ್ನ ಆಳು ಕೇಳತ್ತೆ."

ಸೊರಬದವರು ಕುರ್ಚಿಯಿಂದ ಎದ್ದೇಬಿಟ್ಟರು. "ನನ್ನ ಮಷೀನು ಆಳಾ? ನಾವು ಗಂಡಿನ ಕಡೆಯವ್ರು ಮಾರಾಯ್ತಿ!"

"ಹೆಣ್ಣು ಕೊಟ್ಟೀವಿ, ಕಂಪ್ಯೂಟರ್ ಕೊಟ್ಟಿಲ್ರೀ," ಎಂದರು ಶಿಕಾರಿಪುರದವರು ತಣ್ಣಗೆ.

ನನಗೆ ಗಾಬರಿಯಾಯಿತು. ಮೂರು ವರ್ಷ ಡಿಪ್ಲೊಮಾ ಓದಿದರೂ ಕಂಪ್ಯೂಟರಿಗೆ ಗಂಡಿನ ಕಡೆ, ಹೆಣ್ಣಿನ ಕಡೆ ಇರುತ್ತದೆ ಎಂದು ಯಾರೂ ಕಲಿಸಿರಲಿಲ್ಲ. ಸರದಿಯ ಮೇಲೆ ಎರಡೂ ಯಜಮಾನ ಆಗಬಹುದು, ಸರದಿಯ ಮೇಲೆ ಎರಡೂ ಆಳಾಗಬಹುದು, ಹಾಗೆ ಬರೆಯುತ್ತೇನೆ ಎಂದು ಮಾತು ಕೊಟ್ಟು ತಪ್ಪಿಸಿಕೊಂಡೆ.

ಮಾರನೆಯ ದಿನ ಬಂದು ನೋಡಿದರೆ ಸೊರಬದವರ ಕಂಪ್ಯೂಟರು ಒಂದು ಮಣೆಯ ಮೇಲೆ ಕೂತಿತ್ತು. ಅದರ ಮಾರನೆಯ ದಿನ ಶಿಕಾರಿಪುರದವರದು ಎರಡು ಮಣೆಯ ಮೇಲೆ. ಆ ವಾರ ಮುಗಿಯುವಷ್ಟರಲ್ಲಿ ನಾನು ನಿಂತುಕೊಂಡು ಟೈಪ್ ಮಾಡುತ್ತಿದ್ದೆ.

೨. ನೀವು ಮೊದಲು

ಇಬ್ಬರಿಗೂ ಬೇಸರವಾಗಬಾರದೆಂದು ನನ್ನ ಮೊದಲ ಡ್ರೈವರನ್ನು ಬಹಳ ಮರ್ಯಾದಸ್ಥ ಡ್ರೈವರಾಗಿ ಬರೆದೆ. ಎದುರಿನ ಕಂಪ್ಯೂಟರು ಮಾತು ಶುರು ಮಾಡಲಿ, ಆಮೇಲೆ ಉತ್ತರ ಕೊಡೋಣ ಎಂದು ಎರಡಕ್ಕೂ ಹೇಳಿಕೊಟ್ಟೆ.

ಬೆಳಿಗ್ಗೆ ಚಾಲೂ ಮಾಡಿದ್ದು. ಊಟದ ಹೊತ್ತಾದರೂ ಎರಡೂ ತುಟಿಪಿಟಕ್ ಎನ್ನಲಿಲ್ಲ. ಕೇಬಲ್ ಬದಲಿಸಿದೆ, ಪಿನ್ ಉಜ್ಜಿದೆ, ದೇವರಿಗೆ ಕೈಮುಗಿದೆ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಮ್ಮಲ್ಲಿ ಪ್ರೂಫ್ ನೋಡುತ್ತಿದ್ದ ನಿವೃತ್ತ ಮೇಷ್ಟ್ರು, ಕಂಪ್ಯೂಟರನ್ನು ಕೈಯಿಂದ ಮುಟ್ಟದವರು, ನಾನು ಮಾಡಿದ್ದನ್ನೆಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು.

"ಇದು ಬೀಗರ ಊಟ ಕಣಮ್ಮಾ. 'ನೀವು ಕೂರ್ರಿ' 'ಇಲ್ರೀ, ನೀವು ಕೂರ್ರಿ' ಅಂತ ಎರಡೂ ನಿಂತಾವೆ. ಅತ್ಲಾಗೆ ಅನ್ನ ಆರ್ತಾ ಐತಿ."

ಯಂತ್ರ ಬಿಚ್ಚದೆ ರೋಗ ಹಿಡಿದಿದ್ದರು! ಮೇಷ್ಟ್ರ ಮಾತು ಕೇಳಿ ಹೊಸ ಉಪಾಯ ಮಾಡಿದೆ. ಕೇಬಲ್ಲಿನ ಒಂದು ತುದಿಯೊಳಗೆ ಎರಡು ಪಿನ್ನುಗಳನ್ನು ಬೆಸುಗೆ ಹಾಕಿ ಕೂಡಿಸಿದೆ. ಆ ತುದಿ ಯಾವ ಕಂಪ್ಯೂಟರಿಗೆ ಸಿಕ್ಕಿಸಿರುತ್ತದೋ ಅದೇ ಯಜಮಾನ. ಗುರುತಿಗೆ ಅದಕ್ಕೊಂದು ಕೆಂಪು ದಾರ ಕಟ್ಟಿದೆ. ಸರದಿ ಬದಲಿಸಬೇಕಾದರೆ ಕೇಬಲ್ಲಿನ ತುದಿ ಅದಲುಬದಲು ಮಾಡಿದರಾಯಿತು.

ಎಷ್ಟೋ ವರ್ಷದ ಮೇಲೆ ಯುಎಸ್‌ಬಿ ಬಂದು, ಅದರಲ್ಲೂ ಕೇಬಲ್ಲಿನ ತುದಿ ನೋಡಿಯೇ ಯಜಮಾನನನ್ನು ತೀರ್ಮಾನಿಸುತ್ತಾರೆ ಎಂದು ಓದಿದಾಗ ಬೆಚ್ಚಿಬಿದ್ದೆ. ಅವರ ಮನೆಯಲ್ಲೂ ಬೀಗರಿದ್ದಿರಬೇಕು.

೩. ಕುಪ್ಪಗಡ್ಡೆಯ ಲಗ್ನಪತ್ರಿಕೆ

ಡ್ರೈವರಿನ ನಿಜವಾದ ಪರೀಕ್ಷೆ ಕುಪ್ಪಗಡ್ಡೆಯ ಗೌಡರ ಮಗಳ ಲಗ್ನಪತ್ರಿಕೆ. ಗೌಡರು ಸೊರಬದವರ ನೆಂಟರು. ಅವತ್ತೇ ಪತ್ರಿಕೆ ಹಿಡಿದು ಆನವಟ್ಟಿ ಕಡೆ ಹಂಚಲು ಹೊರಡುವವರಿದ್ದರು. "ಇದೊಂದು ಸರಿ ಆದ್ರೆ ಪ್ರೆಸ್ ಉಳೀತು," ಎಂದು ಇಬ್ಬರೂ ಮಾಲೀಕರು ಮೊದಲ ಸಲ ಒಂದೇ ಮಾತು ಆಡಿದ್ದರು.

ಕೇಬಲ್ ಸಿಕ್ಕಿಸಿದ ಕ್ಷಣಕ್ಕೆ ಯಜಮಾನ ಕಂಪ್ಯೂಟರಿನಲ್ಲಿ ಇದ್ದ ಬರಹ ಆಳಿನ ಕಂಪ್ಯೂಟರಿಗೆ ಇಳಿದು, ಅಲ್ಲಿದ್ದ ಹಳೆಯದನ್ನು ಅಳಿಸುತ್ತಿತ್ತು. ತಿದ್ದಿದ ಪತ್ರಿಕೆ ಶಿಕಾರಿಪುರದವರ ಕಂಪ್ಯೂಟರಿನಲ್ಲಿತ್ತು, ಕೆಂಪು ದಾರವೂ ಅದಕ್ಕೇ ಇತ್ತು. ಸೊರಬದವರದರಲ್ಲಿ ಆಮೇಲೆ ನಾನು ಪರೀಕ್ಷೆಗೆಂದು ಬರೆದಿದ್ದ ಒಂದು ಸುಳ್ಳು ಪತ್ರಿಕೆ. ಮೇಷ್ಟ್ರು ಕೊನೆಯ ಪ್ರತಿ ಓದಿ ಸಹಿ ಹಾಕಿದರು. ನಾನು ಚಹಾ ಕುಡಿದು ಬಂದು, ಅಚ್ಚಿಗೆ ಬೇಕಾದ ಪ್ರಿಂಟ್ ತೆಗೆದು ಅಚ್ಚು ಹಾಕುವವರಿಗೆ ಕೊಟ್ಟೆ. ಮೇಷ್ಟ್ರು ಓದಿದ್ದನ್ನು ಮತ್ತೆ ಓದುವುದು ಅಹಂಕಾರ ಎಂದು ಓದಲಿಲ್ಲ.

ಗೌಡರು ಬಂದರು. ಮೊದಲ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಗೋಡೆಯ ಮೇಲಿದ್ದ ಶಿವನ ಪಟದ ಮುಂದಿಟ್ಟು, "ಮೇಷ್ಟ್ರೇ, ದೇವ್ರ ಮುಂದೆ ಒಂದ್ಸಲ ಜೋರಾಗಿ ಓದಿ," ಎಂದು ಕೈಮುಗಿದು ನಿಂತರು. ನಾವೆಲ್ಲ ಚಪ್ಪಲಿ ಬಿಟ್ಟು ನಿಂತೆವು.

"ಚಿರಂಜೀವಿ ಸೌಭಾಗ್ಯವತಿ..." ಎಂದ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಓದಿಕೊಂಡರು. ಪೊದೆಮೀಸೆಯ ನಮ್ಮ ಶಿಕಾರಿಪುರದ ಮಾಲೀಕರ ಕಡೆ ನೋಡಿದರು. "ವಧು ನೀವೇ ಅದೀರಿ."

"ವರ?" ಎಂದರು ಗೌಡರು, ಕಣ್ಣು ಮುಚ್ಚಿಕೊಂಡೇ.

"ಇವರ ಬೀಗರು."

ಸುಳ್ಳು ಪತ್ರಿಕೆಗೆ ಹೆಸರು ಬೇಕಾದಾಗ ಕಣ್ಣೆದುರಿಗಿದ್ದ ಇಬ್ಬರ ಹೆಸರನ್ನೇ ಹಾಕಿದ್ದೆ. ಓಡಿಹೋಗಿ ನೋಡಿದರೆ ಕೆಂಪು ದಾರ ಸೊರಬದವರ ಕಂಪ್ಯೂಟರಿಗೆ ಬಂದಿತ್ತು.

"ನಾನೇ ತಿರುಗಿಸಿ ಹಾಕ್ದೆ," ಎಂದರು ಸೊರಬದವರು, ಸ್ವಲ್ಪವೂ ಅಳುಕದೆ. "ನನ್ನ ನೆಂಟ್ರು ಬರೋ ದಿನ ನನ್ನ ಮಷೀನು ಆಳಾಗಿ ಕೂರಬೇಕಾ?"

"ನನ್ನ ಮಗಳೆಲ್ಲಿ ಹೋದ್ಲು?" ಎಂದು ಗೌಡರು ಕೂಗಿದರು. ಮೇಷ್ಟ್ರು ಸಹಿ ಹಾಕಿದ ಪ್ರತಿ ತೋರಿಸಿ, ಮತ್ತೆ ಟೈಪ್ ಮಾಡಿ ಸಂಜೆಯೊಳಗೆ ಕೊಡುತ್ತೇನೆ ಎಂದು ಹೇಗೋ ಅವರನ್ನು ಕೂರಿಸಿದೆ. ಆದರೆ ಶಿಕಾರಿಪುರದವರು ಆಗಲೇ ತಮ್ಮ ಕಂಪ್ಯೂಟರಿನ ವಯರು ಕೀಳತೊಡಗಿದ್ದರು. ಪ್ರೆಸ್ಸಿನ ಕಥೆ ಮುಗಿಯಿತು ಎಂದು ನಾನು ಗೋಡೆಗೆ ಒರಗಿದೆ.

ಆಗ ಸೊರಬದವರು ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿದರು. ಮುಖ ಅರಳಿತು. "ಎಂತಕ್ಕೆ ಸಿಟ್ಟು ಬೀಗ್ರೇ? ಇದ್ರಲ್ಲೂ ಗಂಡು ನಾನೇ ಅಲ್ದಾ? ಸರಿಯಾಗೇ ಅದೆ!"

ಶಿಕಾರಿಪುರದವರು ವಯರು ಬಿಟ್ಟರು. ಮೀಸೆ ತಿರುವಿ, ಹೆಗಲ ಮೇಲಿನ ಟವೆಲನ್ನು ತಲೆಯ ಮೇಲೆ ಸೆರಗಿನ ಹಾಗೆ ಹೊದ್ದುಕೊಂಡರು.

"ಆತು ಬಿಡ್ರಿ. ದೇವ್ರ ಮುಂದೆ ಓದಿದ್ಮ್ಯಾಲೆ ಮುಗೀತು. ಲಗ್ನ ಆದ ಹೆಣ್ಣು ತವರಾಗ ಕುಂತ್ರೆ ಮಂದಿ ಏನಂತಾರ? ನಾಳೆಯಿಂದ ನಾನು, ನನ್ನ ಕಂಪ್ಯೂಟರು, ಇಬ್ರೂ ಸೊರಬಕ್ಕೆ ನಿಮ್ಮ ಮನೀಗೇ ಬಾಳೋಕೆ ಬರ್ತೀವಿ."

ಸೊರಬದವರ ಮುಖ ಬಿಳಿಚಿತು. ಒಂದೇ ನೆಗೆತಕ್ಕೆ ಹೋಗಿ ಕೆಂಪು ದಾರದ ತುದಿಯನ್ನು ತಮ್ಮ ಕಂಪ್ಯೂಟರಿನಿಂದ ಕಿತ್ತು, ಬೀಗರ ಕಂಪ್ಯೂಟರಿಗೆ ತಾವೇ ಸಿಕ್ಕಿಸಿದರು.

"ಯಜಮಾನಿಕೆ ನೀವೇ ಇಟ್ಕಳಿ ಮಾರಾಯ್ರೇ! ಮನೆಗೆ ಮಾತ್ರ ಬರಬೇಡಿ!"