ಕಪಾಟು ಅಂದ್ರೆ ಯಾರು ನಂಬ್ತಾರೆ?

ಆ ಅಡುಗೆಮನೆಯ ಕಪಾಟಿನ ಬಾಗಿಲು ಎಷ್ಟು ಮುಚ್ಚಿದರೂ ತಾನಾಗಿ ತೆರೆದುಕೊಳ್ಳುವ ಜಾತಿಯದು. ಬಿದ್ದ ಚಮಚ ಎತ್ತಿಕೊಂಡು ಮೇಲೇಳುವಾಗ ಅದು ಕನ್ನಡಕದಣ್ಣನ ಹಣೆಗೆ ಬಡಿದು, ನಿಂಬೆಹಣ್ಣಿನಂಥ ಬುಗುಟೆ ಎದ್ದಿತು. ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಅವನದು, ಅದಕ್ಕೇ ಬೀದಿಯವರು ಇಟ್ಟ ಹೆಸರು ಅದು.

ಅಂಗಡಿಗೆ ಹೊರಟವನನ್ನು ಗೇಟಿನ ಬಳಿಯೇ ಪಕ್ಕದ ಮನೆಯ ರೇಡಿಯೋ ಅಕ್ಕ ಹಿಡಿದಳು. ಬೆಳಿಗ್ಗೆ ಅವಳ ಕೈಗೆ ಕಡ್ಡಿ ಸಿಕ್ಕರೆ ಸಂಜೆಯೊಳಗೆ ಗುಡ್ಡ.

"ಹಣೆಗೇನಾಯ್ತಪ್ಪ?"

"ಕಪಾಟಿನ ಬಾಗಿಲು ಬಡೀತಕ್ಕ."

"ಕಪಾಟಾ?" ಅಕ್ಕ ದನಿ ತಗ್ಗಿಸಿದಳು. "ಪಾಪ! ಯಾವುದ್ರಲ್ಲಿ ಹೊಡೆದಳು, ಸೌಟಲ್ಲಾ? ಹೇಳು, ನಾನು ಯಾರಿಗೂ ಹೇಳಲ್ಲ."

ಕನ್ನಡಕದಣ್ಣ ಮನೆ ಬಾಗಿಲ ಕಡೆ ತಿರುಗಿ ನೋಡಿದ. ಗಂಡನಿಗೆ ಹೊಡೆಯುವವಳು ಎಂಬ ಮಾತು ಹೆಂಡತಿಯ ಕಿವಿಗೆ ಬಿದ್ದರೆ, ಸಂಜೆ ಬರಲಿದ್ದ ಅವಳಣ್ಣನ ಜೊತೆಗೇ ತವರಿಗೆ ಹೊರಟುಬಿಡುತ್ತಾಳೆ. ಅವಳಿಲ್ಲದ ಮನೆ ನೆನೆದೇ ಅವನಿಗೆ ಅಳು ಬಂತು.

"ನಿಜ ಹೇಳ್ಬೇಕಂದ್ರೆ... ಕಳ್ಳ ಬಂದಿದ್ದ ಅಕ್ಕ. ಹಿಡಿಯೋಕೆ ಹೋದೆ, ಗುದ್ದಿ ಓಡಿಹೋದ."

"ಹಾಗನ್ನು ಮತ್ತೆ! ಹೇಗಿದ್ದ?"

ಚಿಟಿಕೆ ನಿಜ ಬೆರೆಸದಿದ್ದರೆ ಸುಳ್ಳು ರುಚಿಸುವುದಿಲ್ಲ. ಅವನು ಮುಖ ಮರೆತಾನು, ತಾನು ಗಾಜು ಕೂರಿಸಿದ ಕನ್ನಡಕ ಮರೆಯುವವನಲ್ಲ. ಹೋದ ವಾರವಷ್ಟೇ ಭಾವನಿಗೆ, ಅಂದರೆ ಹೆಂಡತಿಯ ಅಣ್ಣನಿಗೆ, ಮಾಡಿಕೊಟ್ಟದ್ದು ನಾಲಿಗೆ ತುದಿಗೆ ಬಂತು.

"ದುಂಡನೆ ಕನ್ನಡಕ, ಕೆಂಪು ಫ್ರೇಮು."

ಮಧ್ಯಾಹ್ನದ ಹೊತ್ತಿಗೆ ಕತೆ ಅಂಗಡಿಗೂ ಬಂತು. "ಮೂರು ಜನರನ್ನ ಒಬ್ಬನೇ ಅಟ್ಟಿದೆಯಂತೆ!" ಎಂದರು ಮಾಲೀಕರು. ಅವನು ಅಲ್ಲ ಅನ್ನಲಿಲ್ಲ. ಊಟವಾದ ಮೇಲೆ ಬಂದ ಗಿರಾಕಿಗೆ ತಾನೇ ಒಂದು ಚಾಕು ಸೇರಿಸಿ ಹೇಳಿದ. ಜೀವನದಲ್ಲಿ ಅಷ್ಟು ಸುಖ ಅವನು ಕಂಡಿರಲಿಲ್ಲ.

ಸಂಜೆ ಮನೆ ಮುಂದೆ ಜನವೋ ಜನ. "ಅಣ್ಣಾ, ನಿಮ್ಮ ಕಳ್ಳ ಸಿಕ್ಕ!"

ನಡುವೆ ಭಾವ! ಅಂಗಿ ಕಾಲರು ಯಾರದೋ ಮುಷ್ಟಿಯಲ್ಲಿ, ಕೆಂಪು ಕನ್ನಡಕ ಒಂದೇ ಕಿವಿಯಲ್ಲಿ. ಬಾಗಿಲಲ್ಲಿ ನಿಂತ ಹೆಂಡತಿ "ನಮ್ಮಣ್ಣ ಕಣ್ರೋ!" ಅಂತ ಕೂಗುತ್ತಿದ್ದಳು.

"ಬಿಡ್ರಪ್ಪಾ, ಅವರು ನಮ್ಮ ಭಾವ! ಕಳ್ಳನೂ ಇಲ್ಲ ಗಿಳ್ಳನೂ ಇಲ್ಲ. ಕಪಾಟಿನ ಬಾಗಿಲು ಬಡಿದದ್ದು!"

ಜನರೆಲ್ಲ ಒಟ್ಟಿಗೆ ತಿರುಗಿ ಹೆಂಡತಿಯನ್ನೇ ನೋಡಿದರು. ರೇಡಿಯೋ ಅಕ್ಕ ಲೊಚಗುಟ್ಟಿದಳು.

"ಬನ್ನಿ ಅಕ್ಕ, ನೀವೇ ಕಣ್ಣಾರೆ ನೋಡಿ ಆ ಕಪಾಟು!" ಹೆಂಡತಿ ಅವಳ ಕೈ ಹಿಡಿದು ಒಳಗೆಳೆದೊಯ್ದಳು. ಇತ್ತ ಭಾವ, "ಈ ಬೀದಿಗೆ ಇನ್ನು ಕಾಲಿಟ್ಟರೆ ಕೇಳು!" ಎಂದು ಬಸ್ ನಿಲ್ದಾಣದ ದಾರಿ ಹಿಡಿದರು.

ಒಳಗೆ 'ಢಬ್' ಎಂದಿತು. ಅಕ್ಕ ಹಣೆ ಹಿಡಿದುಕೊಂಡು ಹೊರಬಂದು, ಔಷಧಿ ಅಂಗಡಿ ಕಡೆ ನಡೆದಳು.

"ಅಕ್ಕ ನಂಬಿದ್ರು ಕಣ್ರೀ! ಅಣ್ಣ ಎಲ್ಲಿ?" ಹೆಂಡತಿ ಕೇಳಿದಳು.

"ಹೊರಟೇಹೋದ್ರು."

"ಕರ್ಕೊಂಡು ಬನ್ನಿ. ಇಲ್ಲಾಂದ್ರೆ ನಾನೂ ಹೊರಟೆ."

ಅವನು ಎದ್ದುಬಿದ್ದು ಓಡಿದ. ಬಸ್ ನಿಲ್ದಾಣದಲ್ಲಿ ಮತ್ತೆ ಜನ, ಬೇರೆ ಜನ. ಮತ್ತೆ ನಡುವೆ ಭಾವ. ಈ ಸಲ ಕನ್ನಡಕ ನೆಲದ ಮೇಲಿತ್ತು. ಪಕ್ಕದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ರೇಡಿಯೋ ಅಕ್ಕ ಬುಗುಟೆಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು.

"ಅಕ್ಕಾ, ಏನಿದು? ನಿಮಗೆ ಬಡಿದದ್ದು ಕಪಾಟಿನ ಬಾಗಿಲು ತಾನೆ?"

ಅಕ್ಕ ಅತ್ತಿತ್ತ ನೋಡಿ ಪಿಸುಗುಟ್ಟಿದಳು.

"ಹಣೆಗೇನಾಯ್ತು ಅಂತ ಎಲ್ಲರೂ ಕೇಳಿದ್ರಪ್ಪ. ಕಪಾಟು ಅಂದ್ರೆ ಯಾರು ನಂಬ್ತಾರೆ? ಕಳ್ಳ ಅಂದೆ. ಹೇಗಿದ್ದ ಅಂದ್ರು. ನನಗೆ ಗೊತ್ತಿರೋ ಕಳ್ಳ ಒಬ್ಬನೇ ತಾನೆ!"