ಹದಿನೇಳನೆಯ ಬಿಲ್ಲೆ ಮತ್ತು ಕಳೆದ ಕನ್ನಡಿಯ ಮಹಾಸಮರ

ಕೇಳಿರಿ, ಸಜ್ಜನರೇ! ಮನುಷ್ಯನು ಮೋಡಗಳಾಚೆ ಹಾರಿಯೂ ಹಸಿವಾದೊಡನೆ ನೆಲವನ್ನೇ ನೆನೆಯುವ ಈ ಲೋಹಯುಗದಲ್ಲಿ, ಹುಬ್ಬಳ್ಳಿಯ ಹೊರವಲಯದ ಕಾಲೇಜೊಂದರ, ವಿಮಾನ ನಿಲ್ಲಿಸುವ ತಗಡಿನ ಹ್ಯಾಂಗರಿನೊಳಗೆ, ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾಗಿ ಎರಡೂಕಾಲಿಗೆ ಮುಗಿದ ಘೋರ ಸಮರವನ್ನು ಹಾಡುತ್ತೇನೆ. ವಾಗ್ದೇವಿಯೇ, ನಾಲಿಗೆಗೆ ಬಲ ಕೊಡು. ಗ್ರೀಸು ಮೆತ್ತಿದ ಕೈಗಳನ್ನು ಕಂಡು ಮೂಗು ಮುರಿಯಬೇಡ.

ಈ ಗಾಥೆಯ ವೀರನು ಗುರುಪಾದ. ಇಳಕಲ್ಲಿನ ಮಗ್ಗದ ಮನೆಯಲ್ಲಿ ಹುಟ್ಟಿ, ವಿಮಾನ ನಿರ್ವಹಣೆಯ ಎಂಜಿನಿಯರಿಂಗ್ ಪದವಿಯ ಮೂರನೆಯ ವರ್ಷಕ್ಕೆ ಏರಿದವನು. ಸ್ಪ್ಯಾನರ್-ಪಾಣಿ, ತೈಲಲಿಪ್ತ-ಲಲಾಟ, ನಿತ್ಯ-ಬುಭುಕ್ಷಿತ. ಅವನ ಪ್ರಾಕ್ಟಿಕಲ್ ದಾಖಲೆ ಪುಸ್ತಕದಲ್ಲಿ ಮೂವತ್ತೊಂಬತ್ತು ಸಹಿಗಳಿದ್ದವು. ನಲವತ್ತನೆಯದು ಆ ದಿನವೇ ಬೀಳಬೇಕಿತ್ತು. ಬೀಳದಿದ್ದರೆ ಸೋಮವಾರದ ಪರೀಕ್ಷೆಯಿಲ್ಲ. ಪರೀಕ್ಷೆ ತಪ್ಪಿದರೆ ಒಂದು ವರ್ಷ ಮಣ್ಣುಪಾಲು.

ಸಹಿ ಹಾಕಬೇಕಾದವರು ಹಲಗಲಿ ಸರ್. ವಾಯುಸೇನೆಯಲ್ಲಿ ಮೂವತ್ತು ವರ್ಷ ವಿಮಾನಗಳ ಹೊಟ್ಟೆ ಬಗೆದು ನಿವೃತ್ತರಾಗಿ ಬಂದ, ಪ್ರಚಂಡ-ಶ್ಮಶ್ರು-ಮಂಡಿತರಾದ, ಎಂದರೆ ದಪ್ಪ ಮೀಸೆಯ, ಚತುರ್ಲೇಖನೀಧರರಾದ ಗುರುವರ್ಯರು. ನೀಲಿ, ಕಪ್ಪು, ಕೆಂಪು, ಹಸಿರು ಪೆನ್ನುಗಳು ಅವರ ಅಂಗಿಯ ಜೇಬಿನಲ್ಲಿ ದಿಕ್ಪಾಲಕರಂತೆ ಸಾಲಾಗಿ ನಿಲ್ಲುತ್ತಿದ್ದವು.

ಇನ್ನು ಸ್ಪ್ಯಾನರು-ಸುತ್ತಿಗೆಗಳ ಆಯುಧಶಾಲೆ. ಅದರ ಒಡತಿ ರುಕ್ಮವ್ವ. ಪ್ರಿನ್ಸಿಪಾಲರೂ ಅವಳನ್ನು ಕೇಳದೆ ಒಂದು ಮೊಳೆ ಮುಟ್ಟುವಂತಿರಲಿಲ್ಲ. ಅಲ್ಲಿಯ ಗೋಡೆಯ ಹಲಗೆಯ ಮೇಲೆ ಪ್ರತಿ ಸಾಮಾನಿನ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿತ್ತು. ಸಾಮಾನು ಒಯ್ದವನು ಆ ಕಪ್ಪು ನೆರಳಿನ ಮೇಲೆ ತನ್ನ ಸಂಖ್ಯೆಯ ಹಿತ್ತಾಳೆ ಬಿಲ್ಲೆಯನ್ನು ತೂಗುಹಾಕಬೇಕು. ತರಗತಿ ಮುಗಿದಾಗ ಎಲ್ಲ ನೆರಳುಗಳೂ ಮುಚ್ಚಬೇಕು. ಒಂದು ತೆರೆದಿದ್ದರೂ ಹ್ಯಾಂಗರಿನ ಬಾಗಿಲು ತೆರೆಯದು. ವಿಮಾನದ ಹೊಟ್ಟೆಯಲ್ಲಿ ಮರೆತ ಸ್ಪ್ಯಾನರು ಎಂದೋ ಒಂದು ದಿನ ಇನ್ನೂರು ಜನರನ್ನು ಆಕಾಶದಿಂದ ಕೆಡವಬಹುದು. ಈ ಮಾತನ್ನು ಮಾತ್ರ ಅಲ್ಲಿ ಯಾರೂ ನಗುತ್ತ ಹೇಳುತ್ತಿರಲಿಲ್ಲ.

ಅಂದು ಒಂದು ನೆರಳು ತೆರೆದೇ ಇತ್ತು. ಅದು ತಪಾಸಣೆಯ ಕನ್ನಡಿಯದು. ಎಳೆದರೆ ಮೊಳದುದ್ದವಾಗುವ, ಒತ್ತಿದರೆ ಪೆನ್ನಿನಷ್ಟಾಗುವ ಉಕ್ಕಿನ ಕಡ್ಡಿ. ತುದಿಗೆ ರೂಪಾಯಿಯಗಲದ ಗಾಜು. ಎಂಜಿನ್ನಿನ ಸಂದಿಗಳಲ್ಲಿ ಕಣ್ಣು ಹೋಗದ ಕಡೆ ಹೋಗಿ ನೋಡುವ ಅಸ್ತ್ರ. ಅದರ ಜಾಗದಲ್ಲಿ ಬಿಲ್ಲೆಯೊಂದು ತೂಗಾಡುತ್ತಿತ್ತು.

"ಹದಿನೇಳು ಯಾರದಪಾ?" ಎಂದಳು ರುಕ್ಮವ್ವ.

"ನಂದಬೇ ಯವ್ವಾ," ಎಂದ ಗುರುಪಾದ. "ಹನ್ನೊಂದಕ್ಕ ಎಂಜಿನ್ ಕೆಳಗ ಎಣ್ಣಿ ಸೋರೂದು ನೋಡಿದ್ವಿ. ಸರೂ ಬಗ್ಗಿ ನೋಡಿದ್ರು. ಆವಾಗ ಕೈಯಾಗ ಇತ್ತು."

"ಈಗ ಕೈಯಾಗ ಏನೈತಿ?"

"ಏನಿಲ್ಲ."

ಆಗ ಹಲಗಲಿ ಸರ್ ಪ್ರಳಯಮೇಘದಂತೆ ಗುಡುಗಿದರು. "ಬಾಗಲಾ ಹಾಕ್ರಿ! ಒಂದ್ ನರಪಿಳ್ಳಿ ಹೊರಗ ಹೋಗಂಗಿಲ್ಲ. ಮೂವತ್ತ ವರ್ಷದಾಗ ನನ್ನ ಕೈಯಿಂದ ಒಂದ್ ಸೂಜಿ ಕಳದಿಲ್ಲ. ಕನ್ನಡಿ ಸಿಗೂತನಾ ಸಹಿ ಇಲ್ಲ, ಊಟಾನೂ ಇಲ್ಲ!"

ಇಪ್ಪತ್ತನಾಲ್ಕು ವೀರರ ಎದೆ ನಡುಗಿತು. ಏಕೆಂದರೆ ಶನಿವಾರ ಮೆಸ್ಸಿನಲ್ಲಿ ಬದನೆಕಾಯಿ ಎಣ್ಣೆಗಾಯಿ. ಎರಡು ಗಂಟೆಯ ಮೇಲೆ ಅದರ ಪರಿಮಳ ಮಾತ್ರ ಉಳಿಯುತ್ತಿತ್ತು.

ಶೋಧಸೇನೆ ಹೊರಟಿತು. ಇಪ್ಪತ್ತು ವರ್ಷಗಳಿಂದ ಹಾರದೆ, ಹಾರುವುದನ್ನೇ ಮರೆತು ನಿಂತಿದ್ದ ಹಳೆಯ ವಿಮಾನದ ಮೇಲೆ ಅವರು ಏರಿದರು, ಕೆಳಗೆ ತೂರಿದರು, ಎದೆಯ ತಗಡುಗಳನ್ನು ಬಿಚ್ಚಿದರು. ಸಿಕ್ಕಿದ್ದು ಎರಡು ಪಾರಿವಾಳದ ಗರಿ, ಹಲ್ಲು ಮುರಿದ ಬಾಚಣಿಗೆ, ಯಾವುದೋ ಕಾಲದ ಶೇಂಗಾ ಸಿಪ್ಪೆ. ಗುರುಪಾದನಂತೂ ಬಾಲದ ಕತ್ತಲ ಗುಹೆಗೆ ಹೊಟ್ಟೆಯ ಮೇಲೆ ತೆವಳಿದ. ಹಿಂದೆಯೇ ಪ್ರಾಣಮಿತ್ರನಾದ ನಜೀರನೂ ತೆವಳಿ ಬಂದು ಅವನ ಕಿವಿಯಲ್ಲಿ ಪಿಸುಗುಟ್ಟಿದ.

"ಲೇ ಗುರ್ಯಾ, ನನ್ನ ಚೀಲದಾಗ ಮೀಸಿ ಕತ್ತರಸೋ ಕನ್ನಡಿ ಐತಿ. ಅದನ್ನ ಒಂದ್ ಕಡ್ಡಿಗಿ ಕಟ್ಟಿ ತೂಗಹಾಕಿಬಿಡೂಣು. ಯಾರ್ ನೋಡ್ತಾರ?"

ಗುರುಪಾದನ ಮನಸ್ಸು ಕ್ಷಣ ತೂಗಿತು. ಒಂದು ಕಡೆ ಇಡೀ ವರ್ಷ, ಇನ್ನೊಂದು ಕಡೆ ರೂಪಾಯಿಯಗಲದ ಗಾಜು. ಆಮೇಲೆ ತಲೆಯೆತ್ತಿ, ಮೇಲಿನ ತಗಡಿಗೆ ನೆತ್ತಿ ಬಡಿಸಿಕೊಂಡು ಸಿಂಹನಾದ ಮಾಡಿದನು: "ಕೇಳು ನಜೀರಾ! ನಾಳೆ ನನ್ನ ಸಹಿ ನಂಬಿ ಮಂದಿ ಮಕ್ಕಳ್ನ ಕಟಗೊಂಡು ವಿಮಾನ ಹತ್ತತಾರ. ಇವತ್ತ ಕನ್ನಡಿ ವಿಷಯದಾಗ ಸುಳ್ಳಾದ ಕೈ, ನಾಳೆ ನಟ್ಟಿನ ವಿಷಯದಾಗ ಖರೇ ಆಕ್ಕೈತೇನು? ವರ್ಷ ಹೋದ್ರ ಹೋಗ್ಲಿ!"

"ಭಾಷಣ ಸಾಕ್ ಮಾಡೋ ಮಾರಾಯಾ," ಎಂದ ನಜೀರ. "ಮೊದ್ಲ ಕಾಲು ಸರಸು, ನನ್ನ ಮಾರಿ ಮ್ಯಾಲೈತಿ."

ಎರಡು ಗಂಟೆ ಹೊಡೆಯಿತು. ಸೇನೆ ಸೋತು ಹ್ಯಾಂಗರಿನ ನಡುವೆ ಕುಸಿದು ಕುಳಿತಿತು. ಹಲಗಲಿ ಸರ್, ಈಗ ಪಂಚಲೇಖನೀಧರರು, ಸಾಮಾನು ಕಳೆದ ವರದಿಯ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಗುರುಪಾದ ಎದುರಿಗೆ ತಲೆ ತಗ್ಗಿಸಿ ನಿಂತ. ಸರ್ ಜೇಬಿಗೆ ಕೈ ಹಾಕಿ, ತುದಿಯ ಲೇಖನಿಯನ್ನು ಖಡ್ಗದಂತೆ ಸೆಳೆದು, 'ಕಳೆದವರ ಹೆಸರು' ಎಂಬಲ್ಲಿ ಊರಿದರು. ಮೂಡಲಿಲ್ಲ. ಒತ್ತಿದರು. ಮೂಡಲಿಲ್ಲ. ಸಿಟ್ಟಿನಿಂದ ಒಮ್ಮೆ ಜಾಡಿಸಿದರು.

ಲೇಖನಿ ಮೊಳದುದ್ದ ಬೆಳೆಯಿತು. ಅದರ ತುದಿಯ ಗಾಜಿನಲ್ಲಿ ಅರ್ಧ ಮೀಸೆಯೂ ಒಂದು ದಿಗ್ಭ್ರಾಂತ ಕಣ್ಣೂ ಕಂಡವು.

ರುಕ್ಮವ್ವ ಮೆಲ್ಲಗೆ ಕೇಳಿದಳು: "ಸಾಹೇಬ್ರ, ನಿಮ್ಮ ಬಿಲ್ಲೆ ಎಲ್ಲೈತ್ರಿ?"

ಸರ್ ಹಾಳೆಯನ್ನು ಹರಿದುಹಾಕಬಹುದಿತ್ತು. ಹರಿಯಲಿಲ್ಲ. ಕಿವಿ ಕೆಂಪಾಗಿಸಿಕೊಂಡು, ಕೆಂಪು ಪೆನ್ನನ್ನೇ ತೆಗೆದು ಬರೆದರು. ಕಳೆದವರು: ಬಿ. ಎಂ. ಹಲಗಲಿ. ಸಿಕ್ಕ ಜಾಗ: ಅಂಗಿಯ ಜೇಬು.

"ಹನ್ನೊಂದಕ್ಕ ನಿನ್ನ ಕೈಯಿಂದ ನಾನ ಇಸಗೊಂಡಿದ್ನೇನೋ?"

"ಹೌದ್ರಿ ಸರ್, ಈಗ ನೆನಪಾತ್ರಿ."

"ಮೊದ್ಲ ಹೇಳಬಾರ್ದೇನೋ ಮಂಗ್ಯಾ?"

"ನೀವು ಮೂವತ್ತ ವರ್ಷ ಅಂದಕೂಡ್ಲೆ ನೆನಪು ಹೆದರಿ ಓಡಿಹೋತ್ರಿ."

ಮೀಸೆಯ ಕೆಳಗೆ ಏನೋ ಅಲುಗಿತು; ಅದು ನಗೆಯೆಂದು ನಜೀರ ಇಂದಿಗೂ ವಾದಿಸುತ್ತಾನೆ. ಗುರುಪಾದ ದಾಖಲೆ ಪುಸ್ತಕವನ್ನು ತೆರೆದು, ತನ್ನ ಪೆನ್ನಿನೊಡನೆ ಮುಂದೆ ಹಿಡಿದ. ನಲವತ್ತನೆಯ ಸಹಿ ಬಿತ್ತು. ಕನ್ನಡಿ ತನ್ನ ನೆರಳನ್ನು ಸೇರಿತು, ಹದಿನೇಳನೆಯ ಬಿಲ್ಲೆ ವೀರನ ಕೈ ಸೇರಿತು, ಬಾಗಿಲು ತೆರೆಯಿತು. ಸೇನೆ ಮೆಸ್ಸಿಗೆ ಓಡಿತು.

ಎಣ್ಣೆಗಾಯಿಯ ಪಾತ್ರೆಯನ್ನು ಆಗಲೇ ಬೂದಿ ಹಾಕಿ ತಿಕ್ಕುತ್ತಿದ್ದರು. ಉಳಿದಿದ್ದದ್ದು ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಮುರಿಯುತ್ತ ಗುರುಪಾದ ಸುಮ್ಮನೆ ಜೇಬು ಮುಟ್ಟಿ ನೋಡಿಕೊಂಡ, ಪೆನ್ನಿರಲಿಲ್ಲ. ಕಿಟಕಿಯಾಚೆ ಹಲಗಲಿ ಸರ್ ಸ್ಕೂಟರ್ ಏರಿ ಮನೆಗೆ ಹೊರಟಿದ್ದರು. ಅವರ ಎದೆಯ ಮೇಲೆ ಐದು ಪೆನ್ನುಗಳು ಬಿಸಿಲಿಗೆ ಥಳಥಳಿಸುತ್ತಿದ್ದವು.

ಪೆನ್ನಿಗೆ ಬಿಲ್ಲೆಯಿರಲಿಲ್ಲ. ಗುರುಪಾದ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.